ಓಡಿ ಬಂದು ನಿಂತುಬಿಡುವವನು

ರತ್ನಮಾಲಾಳಿಗೆ ಅಂದು ಮೈಯೆಲ್ಲ ಸಿಟ್ಟು. ಹುಮನಾಬಾದಿನ ಹುಡುಗಿಯರೆದುರು ಫ್ಲ್ಯಾಗ್ ಫುಟ್‌ಬಾಲ್ ಪಂದ್ಯ ಸೋತು ಬಸವಕಲ್ಯಾಣದ ಬಸ್ಸು ಹತ್ತಿದವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು.

ತಂಡದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಅವಳೇ. ಈ ಆಟದಲ್ಲಿ ಕೆಡವುವುದಿಲ್ಲ, ತಳ್ಳುವುದಿಲ್ಲ. ಚೆಂಡು ಹಿಡಿದವರ ಸೊಂಟದ ರಿಬ್ಬನ್ ಕಿತ್ತರೆ ಅಲ್ಲಿಗೆ ಮುಗಿಯಿತು. ಎದುರು ತಂಡದವಳೊಬ್ಬಳು ತನ್ನ ಜಾಗ ಬಿಟ್ಟು ನೇರ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದರೆ ಅದು ಬ್ಲಿಟ್ಜ್. ಇವತ್ತು ಬ್ಲಿಟ್ಜ್ ಬಂದಾಗಲೆಲ್ಲ ರತ್ನಮಾಲಾ ಚೆಂಡು ಅಪ್ಪಿಕೊಂಡು ಗರಬಡಿದವಳಂತೆ ನಿಂತಿದ್ದಳು.

“ಮುಂದಿನ ಐತವಾರ ಹುಮನಾಬಾದಿನಾಗೇ ಸೆಲೆಕ್ಷನ್ ಅದ,” ಕೋಚ್ ಅನ್ವರಿ ಮೇಡಂ ಪಕ್ಕದಲ್ಲಿ ಕೂತು ಹೇಳಿದರು. “ಅಲ್ಲೂ ಹಿಂಗೇ ನಿಂತಿ ಅಂದ್ರ ಚೆಂಡು ಒಗಿಯೋ ಜಾಗ ನಮ್ಮ ಟೀಮಿನ ಶೀತಲಗ ಕೊಡ್ತೀನಿ. ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ.”

ರಾಜ್ಯ ತಂಡದ ಸೆಲೆಕ್ಷನ್. ಎಂ.ಎ. ಮುಗಿಯುವ ವರ್ಷ, ಅವಳಿಗೆ ಇದೇ ಕಡೆಯ ಅವಕಾಶ. ಪ್ರಾಕ್ಟೀಸಿನಲ್ಲಿ ಹೀಗಿರಲಿಲ್ಲವಲ್ಲ! ಅಲ್ಲಿ ನರಸಿಂಗ ನುಗ್ಗಿ ಬಂದರೂ ಆರಾಮಾಗಿ ಎಸೆಯುತ್ತಿದ್ದಳು.

ನರಸಿಂಗ ಹುಮನಾಬಾದಿನವನು. ಕಾಲೇಜಿನ ದಿನಗಳಲ್ಲಿ ಓಟಕ್ಕೆ ಹೆಸರಾದವನು, ಈಗ ಅಪ್ಪನ ಟೈರ್ ಅಂಗಡಿ ನೋಡಿಕೊಳ್ಳುತ್ತಿದ್ದ. ಬ್ಲಿಟ್ಜ್ ಅಭ್ಯಾಸಕ್ಕೆ ಜೋರಾಗಿ ಓಡುವವರು ಬೇಕೆಂದು ಮೇಡಂ ಕರೆದಾಗಿನಿಂದ ಸಂಜೆ ಸಂಜೆ ಬಸವಕಲ್ಯಾಣಕ್ಕೆ ಬರುತ್ತಿದ್ದ. ಮಾತು ಕಡಿಮೆ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ. ಆ ಗುಳಿಯನ್ನು ತಾನು ನೋಡೇ ಇಲ್ಲವೆಂದು ರತ್ನಮಾಲಾ ಹೇಳುತ್ತಿದ್ದಳು, ಯಾರೂ ಕೇಳದಿದ್ದರೂ.

ಮರುದಿನ ಮೈದಾನದಲ್ಲಿ ಅವಳಿಗೊಂದು ಗುಮಾನಿ ಬಂತು. ನರಸಿಂಗ ಓಡಿ ಬಂದಾಗ ಬೇಕೆಂದೇ ಎಸೆಯಲಿಲ್ಲ. ಚೆಂಡು ಹಿಡಿದು ಸುಮ್ಮನೆ ನಿಂತಳು.

ಹತ್ತಿರ ಬಂದಂತೆ ಅವನ ಹೆಜ್ಜೆ ನಿಧಾನವಾಯಿತು. ಎದುರಿಗೆ ಬಂದು ನಿಂತೇಬಿಟ್ಟ. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು, ರಿಬ್ಬನ್ ಅವಳ ಸೊಂಟದಲ್ಲೇ ಉಳಿಯಿತು.

“ಯಾಕ ಎಳೀಲಿಲ್ರಿ?”

“ನೀವು ಚೆಂಡು ಒಗೀತೀರಿ ಅಂತ...”

“ಒಗದಿಲ್ಲಲ್ಲ! ಎಳೀಬೇಕಿತ್ತು. ದಿನಾ ಹಿಂಗೇ ಬಂದು ನಿಂದರತೀರೇನು?”

ಅವನು ನೆಲ ನೋಡಿದ. “ಕೈ ಬರಂಗಿಲ್ರಿ.”

“ಕೈಗೇನಾಗ್ಯದ?”

“ಕೈಗೇನಾಗಿಲ್ಲ.”

ಮತ್ತೆ ಏನಾಗಿದೆಯೆಂದು ಅವನ ಕೆಂಪಾದ ಕಿವಿಗಳೇ ಹೇಳುತ್ತಿದ್ದವು. ಅವಳು ಆ ಕಿವಿಗಳನ್ನೇ ನೋಡುತ್ತ ನಿಂತಳು. ಮರುಗಳಿಗೆಯೇ ಸಿಟ್ಟು ನೆತ್ತಿಗೇರಿತು. ಇವನ ಸಂಕೋಚಕ್ಕೆ ತಾನು ಜಾಗ ಕಳೆದುಕೊಳ್ಳಬೇಕೇ?

“ಹುಡುಗಿ ಅಂತ ದಯಾ ತೋರಸಾಕತ್ತೀರೇನು? ಇದರಿಂದನ ನಿನ್ನೆ ಎಲ್ಲಾರ ಮುಂದ ನನ್ನ ಮರ್ಯಾದಿ ಹೋಯ್ತು. ಬರೋದಿದ್ರ ಪೂರಾ ಜೋರಿಲೆ ಬರ್ರಿ. ಇಲ್ಲಂದ್ರ ಬರಲೇಬ್ಯಾಡ್ರಿ.”

ಬಂದ. ಈ ಸಲ ಹಗ್ಗ ಹರಿದ ಹೋರಿಯಂತೆ ಬಂದ. ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ರಿಬ್ಬನ್ ಅವನ ಕೈಯಲ್ಲಿತ್ತು. ಮತ್ತೆ ಬಂದ, ಮತ್ತೆ ಕಿತ್ತ. ಅವಳು ಚೆಂಡನ್ನು ನೆಲಕ್ಕೆ ಕುಕ್ಕಿದಳು. ಅಳು ಒತ್ತರಿಸಿ ಬರುತ್ತಿತ್ತು.

“ನೀವು ನನ್ನ ನೋಡಾಕತ್ತೀರಿ,” ಎಂದ ಅವನು ಮೆಲ್ಲಗೆ. “ನನ್ನ ನೋಡಬ್ಯಾಡ್ರಿ. ನಾ ಬಿಟ್ಟು ಬಂದ ಜಾಗ ನೋಡ್ರಿ. ನಾ ಇಲ್ಲಿ ಬಂದೀನಿ ಅಂದ್ರ ಅಲ್ಲಿ ಖಾಲಿ ಅದ. ಚೆಂಡು ಅಲ್ಲಿಗೆ ಒಗೀರಿ.”

ನೋಡಬೇಡವಂತೆ! ಬೇರೆ ಯಾರು ನುಗ್ಗಿದರೂ ಹೆದರಿಕೆಗೆ ಕಣ್ಣು ಕೀಲಿಸುತ್ತಿತ್ತು. ಇವನು ನುಗ್ಗಿದರೆ ಹೆದರಿಕೆಯಿಲ್ಲ, ಆದರೂ ಕಣ್ಣು ಕದಲುವುದಿಲ್ಲ. ಅದನ್ನು ಇವನಿಗೆ ಹೇಗೆ ಹೇಳುವುದು? ಹಲ್ಲು ಕಚ್ಚಿ ಚೆಂಡು ಎತ್ತಿಕೊಂಡಳು.

ವಾರವೆಲ್ಲ ಅದೇ ಆಯಿತು. ಅವನು ಕಿತ್ತ, ಅವಳು ಬೈದಳು. ಕೊನೆಗೊಮ್ಮೆ ಚೆಂಡು ಅವನ ಹೆಗಲ ಮೇಲಿಂದ ಹಾರಿ, ಖಾಲಿ ಜಾಗಕ್ಕೆ ಓಡಿದ್ದ ಶೀತಲಳ ಕೈ ಸೇರಿತು. ನರಸಿಂಗ ನಕ್ಕ, ಗುಳಿ ಬಿತ್ತು. ಮುಂದಿನ ಎಸೆತ ಹಾಳಾಯಿತು.

ಐತವಾರ ಹುಮನಾಬಾದಿನಲ್ಲಿ ಮೊದಲ ಬ್ಲಿಟ್ಜಿಗೇ ರತ್ನಮಾಲಾಳ ರಿಬ್ಬನ್ ಹೋಯಿತು. ಅನ್ವರಿ ಮೇಡಂ ಶೀತಲಳತ್ತ ತಿರುಗಿದರು. ಅದನ್ನು ಕಂಡ ರತ್ನಮಾಲಾ ರಿಬ್ಬನ್ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಎದುರಿನವಳು ಮತ್ತೆ ನುಗ್ಗಿದಳು. ಬರಲಿ ಬಿಡು ಎಂದುಕೊಂಡು ರತ್ನಮಾಲಾ ಅವಳ ಬೆನ್ನ ಹಿಂದಿನ ಬಯಲನ್ನು ನೋಡಿದಳು. ಎಸೆದಳು. ಶೀತಲ ಚೆಂಡು ಹಿಡಿದು ಗೆರೆ ದಾಟಿ ಅಂಕ ತಂದಳು. ಆಮೇಲೆ ನುಗ್ಗಿ ಬಂದವರೆಲ್ಲ ಚೆಂಡು ಹಾರಿಹೋದ ಮೇಲೆಯೇ ತಲುಪಿದರು. ಸಂಜೆ ಕೂಗಿದ ಹೆಸರುಗಳಲ್ಲಿ ಅವಳದೂ ಇತ್ತು.

ನರಸಿಂಗ ಕಾಂಪೌಂಡಿನ ಬಳಿಯಿಂದ ಓಡುತ್ತಲೇ ಬಂದ. ಒಂದು ಮಾರು ದೂರದಲ್ಲಿ ನಿಂತುಬಿಟ್ಟ.

“ಭಾಳ ಚಲೋ ಆಡಿದ್ರಿ. ಇನ್ನ ನನ್ನ ಕೆಲಸ ಮುಗೀತು. ನಾಳಿಂದ ಬರೋದು ಬ್ಯಾಡಲ್ರಿ?”

ಗೆದ್ದ ದಿನವೂ ಇವನು ಅಳಿಸುತ್ತಾನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

“ಆಟದಾಗ ನೀವು ನಿಂದರೋದು ನಾ ಬಿಡಿಸಿದೆ. ಈ ನಿಂದರೋದು ಯಾರು ಬಿಡಿಸಬೇಕ್ರಿ?”

ತಂಡದ ಹುಡುಗಿಯರೆಲ್ಲ ನೀರು ಕುಡಿಯುವುದು ಬಿಟ್ಟು ಇತ್ತಲೇ ನೋಡುತ್ತಿದ್ದರು. ನರಸಿಂಗನ ಮುಖ ಬೆವರಿತು. ಆದರೂ ಮುಂದೆ ಬಂದ.

“ನಿಮ್ಮನ್ನ ನೋಡಲಾರದ ಇರಾಕ ಆಗಂಗಿಲ್ರಿ ನನಗ.”

“ಕೇಳಸಲಿಲ್ಲ. ಜೋರಾಗಿ ಹೇಳ್ರಿ.”

ಜೋರಾಗಿಯೇ ಹೇಳಿದ. ಇಡೀ ಮೈದಾನಕ್ಕೆ ಕೇಳಿಸಿತು. ಶೀತಲ ಸೀಟಿ ಹೊಡೆದಳು, ಮೇಡಂ ಬೇರೆ ಕಡೆ ತಿರುಗಿ ನಕ್ಕರು.

“ನನಗೂ ಆಗಂಗಿಲ್ಲ,” ಎಂದಳು ರತ್ನಮಾಲಾ, ತುಂಬಿದ ಕಣ್ಣು ಒರೆಸಿಕೊಳ್ಳುತ್ತ, ಇನ್ನೂ ಸಿಟ್ಟಿನಲ್ಲೇ. “ಇಷ್ಟು ಹೇಳಾಕ ಎಷ್ಟು ಸತಾಯಿಸಿದಿ ನನ್ನ!”