ಒಂದನೇ ನಂಬರಿನ ಮುಖ

ನಲವತ್ಮೂರು ಜನ ಮೂರು ಸಾಲಿನಲ್ಲಿ ನಿಂತು ನಗುತ್ತಿದ್ದರು. ನಗುತ್ತಲೇ ಇದ್ದರು. ಮುಂದಿನ ಸಾಲಿನ ಅಜ್ಜನ ಹಲ್ಲಿನ ಸೆಟ್ಟು ಆಗಲೇ ಅರ್ಧ ಇಂಚು ಕೆಳಗಿಳಿದಿತ್ತು. ಮದುಮಗಳ ಕೆನ್ನೆ ನಡುಗುತ್ತಿತ್ತು. ಎದುರಿಗೆ ಕ್ಯಾಮೆರಾ ಹಿಡಿದು ನಿಂತಿದ್ದ ಹೆಂಗಸು ಮಾತ್ರ ಆರಾಮಾಗಿ, "ಆಯ್ತು, ಥ್ಯಾಂಕ್ಸ್" ಅಂದಳು.

ಯಾರೂ ಅಲುಗಾಡಲಿಲ್ಲ. ಸದ್ದೇ ಬರಲಿಲ್ಲವಲ್ಲ, ಆಗುವುದು ಹೇಗೆ?

ನಾನು ಅವಳ ಹಿಂದೆ ಹೋಗಿ ಮೆಲ್ಲಗೆ ಹೇಳಿದೆ. "ಮೇಡಮ್, ನಿಮ್ಮ ಕ್ಯಾಮೆರಾ ಕೆಟ್ಟಿದೆ."

"ಇಲ್ಲ ಸಾರ್. ಹನ್ನೆರಡು ಫೋಟೋ ಆಯ್ತು."

"ಯಾವಾಗ?"

"ಕೆಟ್ಟಿದೆ ಅಂತ ನೀವು ಖುಷಿಪಡ್ತಾ ಇದ್ರಲ್ಲ, ಆವಾಗ."

ಅಷ್ಟರಲ್ಲಿ ಅಜ್ಜನ ಹಲ್ಲು ಮುಕ್ಕಾಲು ಇಂಚಿಗೆ ಬಂದಿತ್ತು. ಇನ್ನು ತಡಮಾಡಿದರೆ ಅನಾಹುತವಾಗುತ್ತದೆ ಎಂದು, ನಾಲಿಗೆಯನ್ನು ಅಂಗುಳಕ್ಕೆ ಬಡಿದು "ಟಕ್" ಅಂದೆ.

ನಲವತ್ಮೂರು ಬಾಯಿಗಳು ಒಟ್ಟಿಗೆ ಮುಚ್ಚಿಕೊಂಡವು. ಅಜ್ಜ ಹಲ್ಲನ್ನು ಒಳಗೆಳೆದುಕೊಂಡ. ಮದುಮಗಳ ಚಿಕ್ಕಮ್ಮ ಸೀದಾ ನನ್ನ ಹತ್ತಿರ ಬಂದು, "ಚೆನ್ನಾಗಿ ಬಂತಾಪ್ಪಾ?" ಎಂದು ಕೇಳಿದಳು.

ಕ್ಯಾಮೆರಾದವಳು ಅದರ ಮೇಲಿನಿಂದ ನನ್ನನ್ನು ನೋಡಿದಳು. ಕೋಪ ಬಂದಿದೆ ಅಂದುಕೊಂಡೆ. ಆದರೆ ಕೋಪ ಬಂದವರ ಕಣ್ಣಂಚಿನಲ್ಲಿ ಅಷ್ಟು ಚೆಂದದ ಸುಕ್ಕು ಬೀಳುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಮುಖ ನೋಡಿಯೇ ಹೊಟ್ಟೆ ಹೊರೆದವನು ನಾನು, ನನಗೆ ಗೊತ್ತಾಗುತ್ತದೆ.

ಸ್ಟುಡಿಯೋ ನನ್ನ ಅಕ್ಕನದು. ಫೋಟೋ ತೆಗೆಯುವುದು ನಾನು, ಬೈಯುವುದು ಅವಳು. ನನ್ನ ಕ್ಯಾಮೆರಾದ ಒಳಗೆ ಒಂದು ಕನ್ನಡಿ ಇದೆ. ಒತ್ತಿದಾಗ ಅದು ಮೇಲೆದ್ದು ಕೂರುತ್ತದೆ, ಅದಕ್ಕೇ ಆ ಸದ್ದು. ಈಗಿನ ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯೂ ಇಲ್ಲ, ಸದ್ದೂ ಇಲ್ಲ, ನನ್ನ ಪ್ರಕಾರ ಮರ್ಯಾದೆಯೂ ಇಲ್ಲ. ಅಂಥದ್ದೊಂದನ್ನು ಹಿಡಿದುಕೊಂಡು ಈ ಹೆಂಗಸು ನಮ್ಮಲ್ಲಿ ಕೆಲಸ ಕೇಳಿ ಬಂದಿದ್ದಳು. ಅದುವರೆಗೆ ಹಸುಗೂಸುಗಳ ಫೋಟೋ ತೆಗೆಯುತ್ತಿದ್ದಳಂತೆ. ಮಲಗಿದ ಕೂಸಿನ ಮುಂದೆ ನನ್ನ ಕ್ಯಾಮೆರಾ ಹಿಡಿದರೆ ಅದರ ಅಮ್ಮ ನನ್ನ ಕಾಲು ಮುರಿಯುತ್ತಾಳೆ. ಹಾಗಾಗಿ ಸದ್ದಿಲ್ಲದಿರುವುದು ಇವಳ ಕಸುಬು.

ಅಕ್ಕ ನನ್ನನ್ನು ಕರೆದು ಹೇಳಿದ್ದಳು. "ಮೂರು ಮದುವೆಗೆ ಇಬ್ರೂ ಹೋಗಿ. ಆಮೇಲೆ ಒಂದು ಹಾಳೇಲಿ ಬರ್ಕೊಡು, ಈ ಮಿರರ್‌ಲೆಸ್ಸು ಮದುವೆ ಕೆಲಸಕ್ಕೆ ರೆಡಿನಾ ಇಲ್ವಾ ಅಂತ. ರೆಡಿ ಅಂದ್ರೆ ಆಕೇನ ಕಾಯಂ ಮಾಡ್ಕೋತೀನಿ. ಇಲ್ಲ ಅಂದ್ರೆ ಆಕೆ ದಾರಿ ಆಕೆಗೆ. ನಿನ್ನ ಪುರಾಣ ಬೇಡ. ಹೌದು, ಇಲ್ಲ, ಅಷ್ಟೇ."

'ಇಲ್ಲ' ಎಂದು ಮನಸ್ಸಿನಲ್ಲಿ ಆಗಲೇ ಬರೆದು, ಸಹಿಯನ್ನೂ ಹಾಕಿದ್ದೆ.

ಮೊದಲ ಮದುವೆಯ ಊಟದ ಹೊತ್ತಿಗೆ ಅವಳು ನನ್ನ ಪಕ್ಕದ ಕುರ್ಚಿಗೆ ಬಂದು ಕೂತಳು. ಸೊಂಟದ ಚೀಲದಿಂದ ಎಂಟು ಬ್ಯಾಟರಿ ತೆಗೆದು ತಟ್ಟೆಯ ಪಕ್ಕ ಸಾಲಾಗಿ ಇಟ್ಟು, ಖಾಲಿಯಾದದ್ದು ಯಾವುದು, ತುಂಬಿದ್ದು ಯಾವುದು ಎಂದು ಬೇರೆ ಮಾಡತೊಡಗಿದಳು.

"ಇದೇನು ಮೇಡಮ್, ಕ್ಯಾಮೆರಾಗೆ ಬಡಿಸ್ತಾ ಇದ್ದೀರಾ?"

"ಅದಕ್ಕೆ ಹಸಿವು ಜಾಸ್ತಿ. ನಿಮ್ಮದಕ್ಕೆ?"

"ನಂದು ಒಂದೇ ಬ್ಯಾಟರೀಲಿ ಎರಡು ಮದುವೆ, ಒಂದು ನಾಮಕರಣ ಮುಗಿಸುತ್ತೆ. ಭಾರಾನೂ ಹಾಗೇ ಇದೆ. ಒಂದ್ಸಲ ಬಿರುಗಾಳಿ ಎದ್ದು ಮದುವೆ ಟೆಂಟ್ ಹಾರೋಕೆ ಶುರುವಾಯ್ತು. ಹಗ್ಗ ತಂದು ನನ್ನ ಕ್ಯಾಮೆರಾಕ್ಕೆ ಕಟ್ಟಿದೆ. ನಿಂತ್ಕೊಂಡ್ತು."

ಈ ಕಥೆ ಹೇಳಿದಾಗ ಜನ ನಗುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ. ಅವಳು ಎರಡೂ ಮಾಡಲಿಲ್ಲ. ತುತ್ತು ನುಂಗಿ, ಗಂಭೀರವಾಗಿ ಕೇಳಿದಳು.

"ಎಷ್ಟು ಜನದ ಟೆಂಟು?"

"ಎಂಟುನೂರು."

"ಲೆನ್ಸ್ ಸಮೇತ ಕಟ್ಟಿದ್ರಾ, ಬರೀ ಬಾಡೀನಾ?"

ಇಷ್ಟು ವರ್ಷದಲ್ಲಿ ನನ್ನ ಒಂದು ಸುಳ್ಳಿಗೂ ಯಾರೂ ಇಷ್ಟು ಗೌರವ ಕೊಟ್ಟಿರಲಿಲ್ಲ.

"ಲೆನ್ಸ್ ಸಮೇತ" ಅಂದೆ.

"ಹಂಗಾದ್ರೆ ನಿಲ್ಲುತ್ತೆ" ಅಂದಳು.

ಎರಡನೇ ಮದುವೆಯಲ್ಲಿ ನಾನು ಇಡೀ ದಿನ ಅವಳ ಬೆನ್ನ ಹಿಂದೆಯೇ ನಿಂತೆ. ಅವಳು ತೆಗೆಯುವುದು, ನಾನು "ಟಕ್" ಅನ್ನುವುದು. ನೆಂಟರಿಗೆ ಸಮಾಧಾನ. ಸಂಜೆಯ ಹೊತ್ತಿಗೆ ನನ್ನ ನಾಲಿಗೆ ಬೂಟಿನ ಅಟ್ಟೆಯ ಹಾಗೆ ದಪ್ಪವಾಗಿತ್ತು. ಅವಳು ಒಂದು ಲೋಟ ಐಸು ತಂದು ಕೈಗಿಟ್ಟಳು. ಮದುವೆ ಹಾಲ್‌ನ ಹೊರಗಿನ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಅವಳು ಕೂದಲಿನ ಕ್ಲಿಪ್ ಬಿಚ್ಚಿ ಹಲ್ಲಿನಲ್ಲಿ ಕಚ್ಚಿಕೊಂಡು, ಕೂದಲನ್ನು ಮತ್ತೆ ಎತ್ತಿ ಕಟ್ಟಿದಳು. ಒಂದು ಎಳೆ ಮಾತ್ರ ಕಿವಿಯ ಹಿಂದೆ ಉಳಿದು ಹೋಯಿತು. ಹೇಳಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಐಸೆಲ್ಲ ಕರಗಿತ್ತು.

"ಒಂದ್ಸಲ ನನ್ನದರಲ್ಲಿ ನೋಡಿ" ಎಂದು ಕ್ಯಾಮೆರಾ ಕೊಟ್ಟಳು.

ಕಣ್ಣಿಟ್ಟೆ. "ಇದು ಟಿವಿ ಮೇಡಮ್. ನಾನು ಮನುಷ್ಯರನ್ನ ನೋಡ್ತೀನಿ, ನೀವು ಟಿವಿ ನೋಡ್ತೀರಾ."

"ಆ ಹಸಿರು ಚೌಕ ಕಾಣ್ತಾ? ಅದೇ ಕಣ್ಣು ಹುಡುಕಿ ಹಿಡ್ಕೊಳ್ಳುತ್ತೆ. ಫೋಕಸ್‌ಗೆ ನಾನು ಒದ್ದಾಡಲ್ಲ."

"ನೂರು ಜನ ಇದ್ರೆ ಯಾರ ಕಣ್ಣು ಅಂತ ಅದಕ್ಕೇನು ಗೊತ್ತು?"

"ಬೆಳಿಗ್ಗೆ ಬಂದ ತಕ್ಷಣ ಹುಡುಗ ಹುಡುಗಿ ಮುಖ ಅದಕ್ಕೆ ಪರಿಚಯ ಮಾಡಿಸ್ತೀನಿ. ಆಮೇಲೆ ಎಷ್ಟು ಜನ ಇದ್ರೂ ಅವರನ್ನೇ ಹುಡುಕುತ್ತೆ." ಇಷ್ಟು ಹೇಳಿ, ಯಾಕೋ ಏನೋ, ಕ್ಯಾಮೆರಾವನ್ನು ನನ್ನ ಕೈಯಿಂದ ಬೇಗ ತೆಗೆದುಕೊಂಡಳು. "ಈಗ ನಿಮ್ಮದು ಕೊಡಿ."

ನನ್ನ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಎತ್ತಿ ರಸ್ತೆಯ ಕಡೆ ತಿರುಗಿಸಿ ಒತ್ತಿದಳು. ಇನ್ನೊಮ್ಮೆ ಒತ್ತಿದಳು.

"ಒತ್ತಿದ ತಕ್ಷಣ ಕಪ್ಪಾಗುತ್ತಲ್ಲ."

"ಕನ್ನಡಿ ಮೇಲೇಳುತ್ತಲ್ಲ, ಅದಕ್ಕೆ. ರೆಪ್ಪೆ ಬಡಿದಷ್ಟು ಹೊತ್ತು, ಅಷ್ಟೇ."

"ಅಂದ್ರೆ ಫೋಟೋ ಆಗೋ ಕ್ಷಣ ಮಾತ್ರ ನಿಮಗೆ ಕಾಣಲ್ಲ."

ಲೋಟದಲ್ಲಿ ಕರಗಿದ್ದ ಐಸಿನ ನೀರನ್ನು ಒಂದೇ ಗುಟುಕಿಗೆ ಕುಡಿದೆ.

"ಎಷ್ಟು ಮದುವೆ ಮಾಡಿದೀರಿ?"

"ಎರಡು ಸಾವಿರ." ಇದು ಸುಳ್ಳು. ಸಾವಿರದ ಇನ್ನೂರು.

"ಎರಡು ಸಾವಿರ ಮದುವೆ, ಒಂದು ಉಂಗುರಾನೂ ನೋಡಿಲ್ಲ." ಹಂಗಿಸುವ ದನಿಯಲ್ಲ ಅದು. ಅಯ್ಯೋ ಪಾಪ ಅನ್ನುವ ದನಿ.

ನನ್ನ ಕ್ಯಾಮೆರಾವನ್ನು ವಾಪಸ್ ತೆಗೆದುಕೊಂಡು ಕೊರಳಿಗೆ ಹಾಕಿಕೊಂಡೆ. ಅವಳೇ ಕೇಳಿದಳು.

"ನಿಮ್ಮದು ಯಾಕೆ ಆಗಿಲ್ಲ?"

"ಫೋಟೋ ತೆಗೆಯೋರು ಸಿಗಲಿಲ್ಲ. ನಿಮ್ಮದು?"

"ನನ್ನ ಮದುವೆ ಫೋಟೋಗಳು ತುಂಬ ಚೆನ್ನಾಗಿ ಬಂದಿದ್ವು. ಮದುವೇನೇ ಅಲುಗಾಡಿಬಿಡ್ತು." ಕಿವಿಯ ಹಿಂದಿನ ಆ ಎಳೆಯನ್ನು ಈಗ ತಾನಾಗಿಯೇ ಸೇರಿಸಿಕೊಂಡಳು. "ಬೇರೆ ಆಗಿ ಆರು ವರ್ಷ ಆಯ್ತು ಬಿಡಿ."

ಆ ಸಂಜೆ ಮನಸ್ಸಿನ ಹಾಳೆಯಲ್ಲಿ ಬರೆದಿದ್ದ 'ಇಲ್ಲ'ವನ್ನು ಹೊಡೆದು ಹಾಕಿದೆ. ಹಾಗೆಂದು 'ಹೌದು' ಎಂದು ಬರೆಯುವಷ್ಟು ದೊಡ್ಡ ಮನುಷ್ಯನಾಗಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟೆ.

ಮೂರನೇ ಮದುವೆಯ ಬೆಳಿಗ್ಗೆ ಅಕ್ಕನ ಫೋನು. "ಲೋ, ಎರಡು ಮದುವೆಯಿಂದ ನೋಡ್ತಾ ಇದ್ದೀನಿ, ಇಬ್ರೂ ಒಂದೇ ಕಡೆ ಅಂಟ್ಕೊಂಡು ನಿಂತು ಒಂದೇ ಫೋಟೋ ತೆಗೀತೀರಿ. ನೆಂಟರಿಗೆ ಬಾಯಲ್ಲಿ ಹೇಳಿದ್ರೆ ಸಾಕು, ನೀನೇನು ಗೋಡೆ ಹಲ್ಲಿನಾ, ಲೊಚಗುಟ್ಟೋಕೆ? ಇವತ್ತು ಆ ಕಡೆ ಹೋಗಿ ನಿಲ್ಲು."

ಆ ಕಡೆ ಹೋಗಿ ನಿಂತೆ. ನಡುವೆ ಹುಡುಗ ಹುಡುಗಿ. ಅವರ ಆಚೆ, ನನಗೆ ನೇರ ಎದುರಾಗಿ, ಅವಳು.

ಹುಡುಗ ಉಂಗುರ ತೆಗೆದ. ಹುಡುಗಿ ಬೆರಳು ಚಾಚಿದಳು. ಟಕ್ ಟಕ್ ಟಕ್ ಎಂದು ಐದು ಫೋಟೋ ಹೊಡೆದೆ, ಐದು ಸಲ ಕಪ್ಪಾಯಿತು. ಜೀವನದಲ್ಲಿ ಒಮ್ಮೆಯಾದರೂ ಇದನ್ನು ಕಣ್ಣಾರೆ ನೋಡಬೇಕು ಅನ್ನಿಸಿ ಕ್ಯಾಮೆರಾ ಕೆಳಗಿಳಿಸಿದೆ.

ಇಳಿಸಿದೆ ನಿಜ. ಉಂಗುರ ಮಾತ್ರ ಆವತ್ತೂ ನೋಡಲಿಲ್ಲ.

ಮರುದಿನ ಸ್ಟುಡಿಯೋದ ದೊಡ್ಡ ಸ್ಕ್ರೀನಿನ ಮುಂದೆ ಮೂವರೂ ಕೂತೆವು. ನನ್ನ ಐದು ಫೋಟೋಗಳು ಸರಿಯಾಗಿ ಬಂದಿದ್ದವು. ಅಕ್ಕ ಅವಳವನ್ನು ತೆರೆದಳು. ಏಳು ಫೋಟೋ. ಏಳರಲ್ಲೂ ಒಂದೇ ಕಥೆ.

"ಏನೋ ಇದು!" ಅಕ್ಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. "ಹುಡುಗ ಮಬ್ಬು, ಹುಡುಗಿ ಮಬ್ಬು, ಉಂಗುರ ಮಬ್ಬು. ಹಿಂದೆ ನಿಂತಿರೋ ನಿನ್ನ ಗಡ್ಡದ ಬಿಳಿಕೂದಲು ಮಾತ್ರ ಎಣಿಸೋ ಹಾಗಿದೆ!"

ಎರಡು ಮಬ್ಬು ತಲೆಗಳ ನಡುವೆ ನಲವತ್ತೆಂಟು ವರ್ಷದ ಕತ್ತೆಯೊಂದು ನಿಂತಿತ್ತು. ಕ್ಯಾಮೆರಾ ಎದೆಯ ಮೇಲೆ ನೇತಾಡುತ್ತಿತ್ತು. ಕತ್ತೆ ನೇರವಾಗಿ ಲೆನ್ಸಿನೊಳಗೆ ನೋಡುತ್ತಿತ್ತು. ಆ ನೋಟವನ್ನು ನಾನು ಸಾವಿರದ ಇನ್ನೂರು ಮದುವೆಗಳಲ್ಲಿ ತೆಗೆದಿದ್ದೇನೆ, ಬೇರೆಯವರ ಮುಖದ ಮೇಲೆ.

ಅಕ್ಕನಿಗೆ ಕಾಣಿಸಿತೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡಿದೆ. ಅಷ್ಟರಲ್ಲಿ ಮಿರರ್‌ಲೆಸ್ಸಿನವಳು ಬಾಯಿಬಿಟ್ಟಳು.

"ಕ್ಯಾಮೆರಾ ತಪ್ಪು ಮೇಡಮ್. ಫೋಕಸ್ ಎಲ್ಲೋ ಹೋಗಿ ಕೂತ್ಬಿಡ್ತು. ಇದಿನ್ನೂ ಮದುವೆಗೆ ರೆಡಿ ಇಲ್ಲ ಅನ್ಸುತ್ತೆ."

ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಮೂರು ವಾರ ಆ ಕ್ಯಾಮೆರಾದ ಪರವಾಗಿ ನನ್ನ ಜೊತೆ ಜಗಳ ಆಡಿದವಳು!

"ಸರಿ, ರಿಪೋರ್ಟ್ ಬಂದ ಹಾಗೇ ಆಯ್ತು" ಎಂದು ಅಕ್ಕ ಎದ್ದಳು. "ಮಧ್ಯಾಹ್ನದೊಳಗೆ ಬರ್ಕೊಡೋ." ಪಾಸ್‌ಪೋರ್ಟ್ ಫೋಟೋಕ್ಕೆ ಯಾರೋ ಬಂದಿದ್ದರು, ಹೊರಗೆ ಹೋದಳು.

ಅವಳು ಬ್ಯಾಟರಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು. ನನ್ನ ಕಡೆ ನೋಡಲಿಲ್ಲ.

"ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳು ಹೇಳೋದು ನಿಮಗೊಬ್ರಿಗೇ ಬರೆದುಕೊಟ್ಟಿದಾರಾ?"

"ನನ್ನ ಸುಳ್ಳಿಂದ ಯಾರ ಕೆಲಸಾನೂ ಹೋಗಲ್ಲ ಮೇಡಮ್."

ಅವಳ ಕೈ ನಿಂತಿತು. ಕ್ಯಾಮೆರಾ ಆನ್ ಮಾಡಿ, ಅದರಲ್ಲೇನೋ ಹುಡುಕಿ, ನನ್ನ ಮುಂದೆ ಇಟ್ಟಳು. ಪುಟ್ಟ ಸ್ಕ್ರೀನಿನಲ್ಲಿ ಎಂಟು ಚೌಕಗಳ ಪಟ್ಟಿ. ಎರಡನೆಯದರಲ್ಲಿ ನಿನ್ನೆಯ ಹುಡುಗಿ. ಮೂರನೆಯದರಲ್ಲಿ ಹುಡುಗ. ಉಳಿದವು ಖಾಲಿ. ಒಂದನೇ ನಂಬರಿನಲ್ಲಿ ನಾನು, ಅರ್ಧ ಮುಚ್ಚಿದ ಕಣ್ಣು, ಬಾಚದ ತಲೆ.

"ಮೊದಲನೇ ಮದುವೆ ದಿನ ಬೆಳಿಗ್ಗೆ ಇದು ಮುಖ ಸರಿಯಾಗಿ ಗುರುತು ಹಿಡಿಯುತ್ತಾ ಅಂತ ನೋಡೋಕೆ ಹತ್ತಿರ ಸಿಕ್ಕಿದ್ದು ನೀವೇ. ಟ್ರೈಪಾಡ್ ಜೊತೆ ಜಗಳ ಆಡ್ತಾ ಇದ್ರಿ. ಸದ್ದಿಲ್ಲವಲ್ಲ, ನಿಮಗೆ ಗೊತ್ತಾಗಲಿಲ್ಲ." ಅವಳು ಬೆರಳಿನಿಂದ ಮೇಜಿನ ಮೇಲಿನ ಇಲ್ಲದ ಧೂಳು ಒರೆಸಿದಳು. "ಪ್ರತಿ ಮದುವೆ ಆದ್ಮೇಲೆ ಹಳೇ ಹುಡುಗ ಹುಡುಗೀನ ಅಳಿಸ್ತೀನಿ. ನಿಮ್ಮದು ಅಳಿಸೋಕೆ ಹೋದಾಗೆಲ್ಲ ಕೈ ಬರಲಿಲ್ಲ. ಎರಡು ಮದುವೇಲಿ ನೀವು ನನ್ನ ಬೆನ್ನ ಹಿಂದೇನೇ ಇದ್ರಿ, ತೊಂದರೆ ಆಗಲಿಲ್ಲ. ನಿನ್ನೆ ಎದುರಿಗೆ ಬಂದ್ರಿ. ಒಂದನೇ ನಂಬರಿನ ಮುಖಾನೇ ಇದು ಮೊದಲು ಹುಡುಕೋದು. ಚೌಕ ಓಡಿ ಹೋಗಿ ನಿಮ್ಮ ಕಣ್ಣ ಮೇಲೆ ಕೂತ್ಕೊಂಡ್ತು."

"ಎಳೆದು ಹುಡುಗಿ ಮೇಲೆ ಹಾಕ್ಬೇಕಿತ್ತು."

"ಹಾಕ್ಬೇಕಿತ್ತು." ಈಗ ತಲೆಯೆತ್ತಿದಳು. "ನೀವು ಹಂಗೆ ನೋಡ್ತಾ ಇದ್ರಿ. ನನ್ನದು ಕಪ್ಪಾಗಲ್ಲ ಸಾರ್. ಏಳು ಫೋಟೋನೂ ನಾನು ನೋಡ್ತಾನೇ ಇದ್ದೆ."

ಹೊರಗೆ ಅಕ್ಕ ಯಾರಿಗೋ "ಗಲ್ಲ ಮೇಲೆ, ನಗಬೇಡಿ" ಅನ್ನುತ್ತಿದ್ದಳು.

"ಕ್ಯಾಮೆರಾ ತಪ್ಪಲ್ಲ ಅಂತ ಬರೀರಿ. ಅದು ಪಾಪ, ಹೇಳಿದ ಕೆಲಸ ಮಾಡಿದೆ" ಅಂದಳು. "ತಪ್ಪು ನಂದು ಅಂತಲೇ ಬರೀರಿ. ಅದಕ್ಕೆ ಮೊದಲು ಆ ಮುಖ ನೀವೇ ಅಳಿಸಿಬಿಡಿ. ನನ್ನ ಕೈಲಾಗಲ್ಲ."

ಗುಂಡಿ ಒತ್ತಿದೆ. ಅಳಿಸಬೇಕೇ ಎಂದು ಕ್ಯಾಮೆರಾ ಕೇಳಿತು. ಹೌದು, ಬೇಡ. ಅಕ್ಕ ಕೇಳಿದ ಹಾಗೆಯೇ, ಪುರಾಣಕ್ಕೆ ಜಾಗವಿಲ್ಲದ ಪ್ರಶ್ನೆ.

ಬೇಡ ಒತ್ತಿದೆ.

"ಸಾರ್—"

"ನನಗೆ ನಿಮ್ಮನ್ನ ಕಂಡ್ರೆ ಇಷ್ಟ. ಟೆಂಟ್ ಕಥೆಗೆ ಲೆನ್ಸ್ ಸಮೇತಾನಾ ಅಂತ ಕೇಳಿದ್ರಲ್ಲ, ಅವತ್ತಿಂದ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದಕ್ಕೇ ಹೇಳೋಕೆ ಅಭ್ಯಾಸ ಸಾಲದು."

ಅವಳು ಕೈಯಲ್ಲಿದ್ದ ಬ್ಯಾಟರಿಯನ್ನು ಚೀಲಕ್ಕೆ ಹಾಕಲು ಹೋಗಿ, ಚೀಲ ತಪ್ಪಿಸಿ, ನನ್ನ ಅಂಗಿಯ ಜೇಬಿಗೆ ಹಾಕಿದಳು. ಆ ಕೈ ಅಲ್ಲಿಯೇ ಒಂದು ಕ್ಷಣ ಹೆಚ್ಚಿಗೆ ನಿಂತಿತು.

"ಆದ್ರೆ ಮದುವೆ ಕೆಲಸ ಹಾಳಾಗುತ್ತಲ್ಲ" ಅಂದಳು, ಮೆತ್ತಗೆ.

"ಇದರಲ್ಲಿ ಮುಖಗಳ ನಂಬರ್ ಬದಲಾಯಿಸಬಹುದಾ?"

"ಬದಲಾಯಿಸಬಹುದು. ಯಾಕೆ?"

"ಹುಡುಗಿ ಒಂದು. ಹುಡುಗ ಎರಡು. ನಮ್ಮದೇನಿದ್ರೂ ಅವರ ಊಟ ಆದ್ಮೇಲೆ." ನನ್ನ ಮುಖವನ್ನು ಒಂದೊಂದೇ ಮನೆ ಇಳಿಸಿ, ಎಂಟನೆಯದಕ್ಕೆ ತಂದು ಕೂರಿಸಿದೆ. ಅಲ್ಲಿಯೂ ಕತ್ತೆ ಕಣ್ಣು ಅರ್ಧ ಮುಚ್ಚಿಕೊಂಡೇ ಇತ್ತು.

ಅವಳು ಇಣುಕಿ ನೋಡಿ ನಕ್ಕಳು. ಹಣೆ ನನ್ನ ಭುಜಕ್ಕೆ ತಗುಲಿತು. ತೆಗೆಯಲಿಲ್ಲ.

ಹಾಳೆ ತೆಗೆದುಕೊಂಡು ಬರೆದೆ: ಮಿರರ್‌ಲೆಸ್ ಮದುವೆ ಕೆಲಸಕ್ಕೆ ರೆಡಿ ಇದೆ. ಬ್ಯಾಟರಿ ಜಾಸ್ತಿ ಬೇಕು. ನಿನ್ನೆಯ ಏಳು ಫೋಟೋ ಹಾಳಾದದ್ದು ಕ್ಯಾಮೆರಾದಿಂದಲ್ಲ, ನಮ್ಮಿಬ್ಬರಿಂದ. ಇನ್ನು ಹಾಗಾಗುವುದಿಲ್ಲ.

ಅಕ್ಕ ಬಾಗಿಲಲ್ಲೇ ನಿಂತು ಓದಿದಳು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದಳು. ನನ್ನ ಹಣೆಗೆ ಅಂಗೈ ಇಟ್ಟು, "ಜ್ವರ ಇಲ್ವಲ್ಲೋ" ಅಂದಳು. ಆಮೇಲೆ ಅವಳ ಕಡೆ ತಿರುಗಿ, "ನಾಳೆ ಒಂಬತ್ತಕ್ಕೆ ಬಾಮ್ಮಾ. ಆ ಏಳರಲ್ಲಿ ಒಂದನ್ನ ನನಗೆ ದೊಡ್ಡದಾಗಿ ಪ್ರಿಂಟ್ ಹಾಕ್ಕೊಡು. ಈ ಪ್ರಾಣಿ ಇಷ್ಟು ಚೆನ್ನಾಗಿ ಯಾವ ಫೋಟೋದಲ್ಲೂ ಬಂದಿಲ್ಲ" ಎಂದು, ಕಣ್ಣೊರೆಸಿಕೊಳ್ಳುತ್ತಾ ಹೊರಟುಹೋದಳು. ಧೂಳು ಅಂದಳು.

ಅವಳು ಬುಕಿಂಗ್ ಡೈರಿ ಎಳೆದುಕೊಂಡು ಹಾಳೆ ತಿರುವಿದಳು.

"ಮಂಗಳವಾರ ಏನಾದ್ರೂ ಇದೆಯಾ?"

"ಏನೂ ಇಲ್ಲ. ಯಾಕೆ ಮೇಡಮ್?"

"ಏನಿಲ್ಲ" ಎಂದು ಪೆನ್ನಿನಿಂದ ಆ ದಿನಕ್ಕೆ ಒಂದು ಚೌಕ ಎಳೆದಳು. "ಆವತ್ತೊಂದಿನ ಒಂದನೇ ನಂಬರಿಗೆ ಬನ್ನಿ. ತಲೆ ಬಾಚ್ಕೊಂಡು."