ಎಚ್ಚರವಿದ್ದ ನಿಮಿಷಗಳು

ಷಡ್ಡಕನ ಕೈಕೆಳಗೆ ಕೆಲಸ ಮಾಡುವುದಕ್ಕಿಂತ ಅಪರಾಧಿಯಾಗುವುದೇ ವಾಸಿ ಎಂದು ಸಂಖ್ಯಾಶಾಸ್ತ್ರದ ಮೇಷ್ಟ್ರು ತೀರ್ಮಾನಿಸಿದ್ದು ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಆರಿಹೋದ ಚಹದ ಲೋಟ ಹಿಡಿದುಕೊಂಡು. ಸಂಖ್ಯಾಶಾಸ್ತ್ರಕ್ಕೂ ಅರ್ಥಶಾಸ್ತ್ರಕ್ಕೂ ಸೇರಿ ಇದ್ದದ್ದು ಒಂದೇ ವಿಭಾಗ. ಅದರ ಮುಖ್ಯಸ್ಥರು ನಿವೃತ್ತರಾಗುತ್ತಿದ್ದರು. ಆ ಕುರ್ಚಿಗೆ ಉಳಿದವರು ಇಬ್ಬರೇ: ಮೇಷ್ಟ್ರು ಮತ್ತು ಅರ್ಥಶಾಸ್ತ್ರ ಹೇಳುವ ಅವರ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ವಯಸ್ಸಿನಲ್ಲೂ ಸೇವೆಯಲ್ಲೂ ಚಿಕ್ಕವನು. ಬೋರ್ಡಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆಯಲು ಬಾರದವನು. ಆದರೂ ಅವನ ತರಗತಿಯಿಂದ ನಗು ಕೇಳಿಬರುತ್ತಿತ್ತು. ಮೇಷ್ಟ್ರ ತರಗತಿಯಿಂದ ಕೇಳಿಬರುತ್ತಿದ್ದುದು ಫ್ಯಾನಿನ ಸದ್ದು. ಅತ್ತೆಯವರು ಕೂಡ ಚಿಕ್ಕ ಅಳಿಯ ಬಂದರೆ ಬಾಗಿಲವರೆಗೂ ಹೋಗಿ ಕರೆತರುತ್ತಿದ್ದರು. ದೊಡ್ಡ ಅಳಿಯನಿಗೆ ಕೂತಲ್ಲಿಂದಲೇ ಒಂದು "ಬಂದ್ರಾ" ಸಿಕ್ಕರೆ ಅದೇ ಹೆಚ್ಚು.

ಇಂಥದ್ದರಲ್ಲಿ ಪ್ರಿನ್ಸಿಪಾಲ್ ಮೇಡಂ ಗಾಯದ ಮೇಲೆ ಉಪ್ಪು ಸುರಿದರು. ಇಬ್ಬರ ಪಾಠವನ್ನೂ ಕೇಳುವ ಕೊನೆಯ ವರ್ಷದ ವಿದ್ಯಾರ್ಥಿಗಳೇ ತೀರ್ಪು ಕೊಡಲಿ ಎಂದರು. ಒಂದು ಚೀಟಿ, ಅದರಲ್ಲಿ ಒಬ್ಬೊಬ್ಬ ಮೇಷ್ಟ್ರ ಬಗ್ಗೆಯೂ ಎರಡು ಪ್ರಶ್ನೆ. ಪಾಠ ಹೇಗಿದೆ: ಚೆನ್ನಾಗಿದೆ, ಪರವಾಗಿಲ್ಲ, ಸಾಕಪ್ಪಾ ಸಾಕು. ಒಂದು ಪಾಠದಲ್ಲಿ ನೀನು ಎಷ್ಟು ನಿಮಿಷ ಎಚ್ಚರವಾಗಿರುತ್ತೀಯ? ಶುಕ್ರವಾರ ಚೀಟಿ ತುಂಬಿಸುವುದೆಂದೂ ಸೋಮವಾರ ತೀರ್ಮಾನವೆಂದೂ ನಿಶ್ಚಯವಾಯಿತು.

"ಗ್ರಾಫ್ ಮಾತ್ರ ನೀವೇ ಹಾಕ್ಕೊಡ್ಬೇಕು ಸಾರ್. ಇಲ್ಲಿ ಬೇರೆ ಯಾರಿಗೂ ಬರಲ್ಲ," ಎಂದು ಮಾದರಿ ಚೀಟಿಯೊಂದನ್ನು ಮೇಷ್ಟ್ರ ಕೈಗಿತ್ತರು ಮೇಡಂ.

ಮೇಷ್ಟ್ರಿಗೆ ಅಲ್ಲೇ ಇಡೀ ಯೋಜನೆ ಹೊಳೆಯಿತು. ನಿಜವಾದ ಚೀಟಿಗಳು ಮಾಯವಾಗುತ್ತವೆ, ಬೇರೆ ಚೀಟಿಗಳು ಹುಟ್ಟುತ್ತವೆ, ಗ್ರಾಫು ಅವಕ್ಕೆ ಸಾಕ್ಷಿ ಹೇಳುತ್ತದೆ. ಶುಕ್ರವಾರ ಸೊಂಟನೋವೆಂದು ರಜೆ ಹಾಕಿದರು. ವಿದ್ಯಾರ್ಥಿಗಳ ಹತ್ತಿರವೂ ಸುಳಿಯಲಿಲ್ಲ ಎಂದ ಮೇಲೆ ಪ್ರಭಾವ ಬೀರಿದರೆಂದು ಯಾರು ತಾನೇ ಬೊಟ್ಟು ಮಾಡಿಯಾರು? ಫೋನನ್ನೂ ಆರಿಸಿಟ್ಟು, ನೋವಿಲ್ಲದ ಸೊಂಟಕ್ಕೆ ಶ್ರದ್ಧೆಯಿಂದ ಮುಲಾಮು ಹಚ್ಚಿಸಿಕೊಂಡರು.

ಸಂಜೆ ಕಾಲೇಜಿನ ಅಟೆಂಡರು ದಪ್ಪ ಲಕೋಟೆಯೊಂದನ್ನು ಮನೆಗೇ ತಂದ.

"ಮೇಡಂ ಚೀಟಿ ಕೊಟ್ಟು ಕಳ್ಸಿದಾರೆ ಸಾರ್. ಸೋಮವಾರ ಬೆಳಿಗ್ಗೆ ತಪ್ಪದೆ ತರ್ಬೇಕಂತೆ. ಸೊಂಟ ಹೇಗಿದೆ?"

"ಏನೋ ಇದೆಯಪ್ಪ," ಎಂದರು ಮೇಷ್ಟ್ರು ಗೋಡೆ ಹಿಡಿದುಕೊಂಡು.

ಮೇಷ್ಟ್ರು ಲಕೋಟೆಯನ್ನು ಒಡೆಯಲಿಲ್ಲ. ನಿಜವಾದ ಉತ್ತರಗಳನ್ನು ಕಂಡರೆ ತಾವು ಕಲ್ಪಿಸುವ ಉತ್ತರಗಳೂ ಆ ಕಡೆಗೇ ವಾಲಬಹುದು, ಅದು ಶಾಸ್ತ್ರೀಯವಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ನಿಜ ಹೇಳಬೇಕೆಂದರೆ ಅವರಿಗೆ ಹೆದರಿಕೆಯಾಗಿತ್ತು. ಇಷ್ಟು ವರ್ಷ ಪಾಠ ಮಾಡಿದ ಮೇಲೆ "ಸಾಕಪ್ಪಾ ಸಾಕು" ಎಂಬುದನ್ನು ಹುಡುಗರ ಕೈಬರಹದಲ್ಲಿ ಓದುವ ಧೈರ್ಯ ಅವರಿಗಿರಲಿಲ್ಲ. ಹಿತ್ತಲಿನಲ್ಲಿ ಗುಡಿಸಿಟ್ಟ ತರಗೆಲೆಗೆ ಬೆಂಕಿ ಹಚ್ಚಿ, ಲಕೋಟೆಯನ್ನು ಹಾಗೆಯೇ ಅದರ ಮೇಲಿಟ್ಟು, ಪೂರ್ತಿ ಬೂದಿಯಾಗುವವರೆಗೆ ಕೋಲಿನಿಂದ ಕೆದಕುತ್ತ ನಿಂತರು.

ಶನಿವಾರ ಪರಿಚಯದವರಿಲ್ಲದ ಬೀದಿಗೆ ಹೋಗಿ ಮಾದರಿ ಚೀಟಿಯ ಜೆರಾಕ್ಸ್ ಮಾಡಿಸಿದರು. ಬಗೆಬಗೆಯ ಪೆನ್ನು ಕೊಂಡರು. ಬಲಗೈಯಲ್ಲಿ ಕೆಲವು, ಎಡಗೈಯಲ್ಲಿ ಕೆಲವು, ಗೋಡೆಗೆ ಒತ್ತಿಕೊಂಡು ಕೆಲವು ಚೀಟಿ ತುಂಬಿದರು. ಒಂದರ ಮೇಲೆ ಚಹದ ಕಲೆ ಮಾಡಿದರು. ಇನ್ನೊಂದರಲ್ಲಿ ನಿಮಿಷದ ಜಾಗದಲ್ಲಿ "ಗೊತ್ತಿಲ್ಲ, ನಿದ್ದೆ ಬಂದಿತ್ತು" ಎಂದು ಬರೆದರು; ಅಂಕಿ ಕೇಳಿದರೆ ಮಾತು ಬರೆಯುವ ಪುಣ್ಯಾತ್ಮನೊಬ್ಬ ಎಲ್ಲ ಸಮೀಕ್ಷೆಯಲ್ಲೂ ಇರುತ್ತಾನೆ. ಎಡಗೈಯಲ್ಲಿ ಒಂದು ಚೀಟಿಯ ಅಂಚಿಗೆ "ಸಾರ್, ನಿಮ್ಮ ಪಾಠ ನಮಗೆ ತುಂಬಾ ಇಷ್ಟ" ಎಂದು ಬರೆದಾಗ ಮಾತ್ರ ಅವರ ಕಣ್ಣು ಒದ್ದೆಯಾಯಿತು. ಅಷ್ಟು ಒಳ್ಳೆಯ ಮಾತನ್ನು ಅವರಿಗೆ ಯಾರೂ ಬರೆದಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ಬಾಗಿಲು ತಟ್ಟಿದರು.

"ರೀ, ತಂಗಿ ಫೋನ್ ಮಾಡಿದ್ಳು. ಅವಳ ಯಜಮಾನ್ರು..."

"ಅವರ ಮನೆ ಪುರಾಣ ಸೋಮವಾರದ ತನಕ ನಂಗೆ ಬೇಡ."

"ಪುರಾಣ ಅಲ್ಲ ಕಣ್ರೀ, ನಿಮ್ಮ ಕಾಲೇಜಿನ..."

"ಬೇಡ ಅಂದ್ನಲ್ಲ!"

"ಹಾಗಾದ್ರೆ ನಿಮ್ಮಿಷ್ಟ," ಎಂದು ಆಕೆ ಅಡುಗೆಮನೆಗೆ ಹೋದರು.

ಭಾನುವಾರ ಗ್ರಾಫಿನ ಕೆಲಸ. ಇಲ್ಲಿ ಮೇಷ್ಟ್ರನ್ನು ಹಿಡಿಯುವವರಿಲ್ಲ. "ಚೆನ್ನಾಗಿದೆ", "ಪರವಾಗಿಲ್ಲ" ಎಂಬವು ಬರೀ ಮಾತು, ಗುಣ ಹೇಳುವಂಥವು. ಅವುಗಳ ಕಂಬಗಳ ನಡುವೆ ಜಾಗ ಬಿಡಬೇಕು. ನಿಮಿಷವೆಂಬುದು ಅಳತೆ, ಅದರ ಕಂಬಗಳು ಒಂದಕ್ಕೊಂದು ತಾಗಿಕೊಂಡೇ ನಿಲ್ಲಬೇಕು. ಹುಡುಗರು ಪರೀಕ್ಷೆಯಲ್ಲಿ ಇದನ್ನು ತಪ್ಪಿದಾಗಲೆಲ್ಲ ಮೇಷ್ಟ್ರಿಗೆ ಮೈ ಉರಿಯುತ್ತಿತ್ತು. ತಾವು ಸುಳ್ಳು ಹೇಳುವಾಗಲೂ ತಪ್ಪಲಿಲ್ಲ. ಆಸೆಬುರುಕತನವನ್ನೂ ತೋರಲಿಲ್ಲ. ತಮ್ಮ ಪಾಠದಲ್ಲಿ ಹೆಚ್ಚಿನವರು ನಲವತ್ತು ನಿಮಿಷದ ಆಸುಪಾಸಿನಲ್ಲಿ ಎಚ್ಚರ, ಕೆಲವರು ಅತ್ತ, ಕೆಲವರು ಇತ್ತ, ಮೂಲೆಯಲ್ಲಿ ಒಬ್ಬ ಮಹಾನಿದ್ರಾಳು. ಎಲ್ಲರಿಂದಲೂ ದೂರ ನಿಂತ ಆ ಒಬ್ಬನಿಂದಲೇ ಇಡೀ ಗ್ರಾಫಿಗೆ ನಿಜದ ಕಳೆ ಬಂತು. ಷಡ್ಡಕನ ಕಂಬಗಳನ್ನು ಮೂವತ್ತರ ಹತ್ತಿರ ನಿಲ್ಲಿಸಿದರು. ತೀರಾ ಕೆಳಗೆ ಇಳಿಸಲಿಲ್ಲ, ಎಷ್ಟಾದರೂ ಸಂಬಂಧಿಕ.

ಸೋಮವಾರ ಬೆಳಿಗ್ಗೆ ಪ್ರಿನ್ಸಿಪಾಲ್ ಮೇಡಂ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಚೀಟಿಗಳ ಕಟ್ಟನ್ನು ಇಟ್ಟರು. ಗುಣಕ್ಕೂ ಅಳತೆಗೂ ಇರುವ ವ್ಯತ್ಯಾಸ ವಿವರಿಸಿದರು. ಷಡ್ಡಕನ ಕಂಬಗಳ ಬಗ್ಗೆ ಹೇಳುವಾಗ ಒಂದು ನಿಟ್ಟುಸಿರು ಬಿಟ್ಟರು. ಮೇಡಂ ಚೀಟಿಗಳನ್ನು ಒಂದೊಂದಾಗಿ ತಿರುವುತ್ತ, ನಡುನಡುವೆ ಮೇಷ್ಟ್ರ ಮುಖ ನೋಡುತ್ತ, ತುಟಿಪಿಟಿಕ್ಕೆನ್ನಲಿಲ್ಲ. ಅಂಥ ಮೌನವನ್ನು ಮೇಷ್ಟ್ರು ತಮ್ಮ ತರಗತಿಯಲ್ಲೂ ಕಂಡಿದ್ದರು, ಅದು ಮೆಚ್ಚುಗೆಯದೆಂದೇ ನಂಬಿದ್ದರು.

"ಇವೆಲ್ಲ ಹುಡುಗರೇ ತುಂಬಿದ ಚೀಟಿಗಳಾ ಸಾರ್?" ಎಂದರು ಮೇಡಂ ಕೊನೆಗೆ.

"ಒಂದೊಂದೂ ಅವರದೇ ಕೈಬರಹ ಮೇಡಂ. ಬೇಕಾದ್ರೆ ಆಣೆ ಮಾಡ್ತೀನಿ."

ಅಷ್ಟರಲ್ಲಿ ಷಡ್ಡಕ ಒಳಗೆ ಬಂದ. ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು, ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. "ಕ್ಷಮಿಸಿ ಮೇಡಂ, ನಮ್ಮ ಹುಡುಗ್ರು ಕ್ರೀಡಾಕೂಟದಲ್ಲಿ ಫೈನಲ್ ತನಕ ಹೋದ್ರು ನೋಡಿ, ಬಸ್ಸು ಈಗ ಬಂತು," ಎಂದು ಏದುಸಿರು ಬಿಟ್ಟ. "ಶುಕ್ರವಾರ ಇಡೀ ಕ್ಲಾಸನ್ನೇ ಕರ್ಕೊಂಡು ಹೋಗ್ಬೇಕಾಗಿ ಬಂದು ಚೀಟಿ ತುಂಬಿಸೋ ಕೆಲಸ ಹಾಗೇ ಉಳೀತಲ್ಲ, ಈಗಲೇ ಮುಗಿಸಿಬಿಡೋಣ. ಎಲ್ರೂ ಪೆನ್ನು ಹಿಡ್ಕೊಂಡು ಕೂತಿದಾರೆ." ಆಮೇಲೆ ಮೇಷ್ಟ್ರ ಕಡೆ ತಿರುಗಿ, ಅತ್ತೆಯವರನ್ನು ಮರುಳು ಮಾಡಿದ ಅದೇ ನಗು ನಕ್ಕು, ಕೈ ಚಾಚಿದ: "ಭಾವ, ಅಚ್ಚು ಸರಿಯಾಗಿದೆಯಾ ನೋಡಿ ಅಂತ ಖಾಲಿ ಚೀಟಿ ಎಲ್ಲಾ ನಿಮ್ಮ ಮನೆಗೆ ಕಳಿಸಿದ್ರಂತಲ್ಲ ಮೇಡಂ, ಎಲ್ಲಿ, ಕೊಡಿ."