ಕತ್ತು ವಾಲಿಸಿದ ಹಕ್ಕಿ

"ಮುಖ ಸರಿಮಾಡ್ಕೋ," ಎಂದು ಅತ್ತೆ ಮೊಣಕೈಯಿಂದ ತಿವಿದಳು. "ಬಾಯಿ ಕಿವಿವರೆಗೂ ಹೋಗಿದೆ. ಹೀಗೆ ಹಲ್ಲು ಕಿರಿದ್ರೆ ಯಾರು ರೇಟು ಇಳಿಸ್ತಾರೆ?"

ಪಿಟೀಲು ತಕ್ಷಣ ತುಟಿ ಬಿಗಿದಳು. ಬೇಕಾದದ್ದು ಸಿಗುವವರೆಗೂ ಪಿಟೀಲು ಕುಯ್ಯುತ್ತಲೇ ಇರುತ್ತಾಳೆ ಎಂದು ಮನೆಯವರು ಅವಳಿಗೆ ಇಟ್ಟಿದ್ದ ಹೆಸರು ಅದು.

ಅದು ಪರದೇಶದ ಸಂತೆ. ಸಂಜೆಗೆ ವಿಮಾನ. ಹೋಟೆಲಿನಲ್ಲಿ ಅಮ್ಮ ಸೂಟ್‌ಕೇಸಿನ ಮೇಲೆ ಕೂತಿದ್ದಳು, ಅಪ್ಪ ಅದರ ಜಿಪ್ ಎಳೆಯುತ್ತಿದ್ದ. ಅತ್ತೆಯೋ ದೇಶ ದೇಶ ಸುತ್ತಿದವಳು, ಶಾಪಿಂಗ್‌ನಲ್ಲಿ ಎತ್ತಿದ ಕೈ. ದಾರಿಯುದ್ದಕ್ಕೂ ಪಾಠ ಹೇಳಿಕೊಂಡು ಬಂದಿದ್ದಳು. ಮೊದಲ ಅಂಗಡಿಯಲ್ಲೇ ಕೊಳ್ಳಬಾರದು. ನೋಟು ಒಂದು ಜೇಬಲ್ಲಿ, ಚಿಲ್ಲರೆ ಇನ್ನೊಂದರಲ್ಲಿ. ಒಡೆಯುವ ಸಾಮಾನು ಕೊಂಡರೆ ಸಾಕ್ಸ್ ಒಳಗೆ ತುರುಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಷ್ಟವಾದ ಸಾಮಾನಿನಲ್ಲೇ ಹುಳುಕು ಹುಡುಕಬೇಕು. ಆಗ ಅಂಗಡಿಯವರು ತಾವಾಗಿ ಬೆಲೆ ಇಳಿಸುತ್ತಾರೆ.

ಈಗ ಅವರು ನಿಂತದ್ದು ಒಬ್ಬ ಕುಂಬಾರಜ್ಜಿಯ ಅಂಗಡಿಯ ಮುಂದೆ. ಮೇಜಿನ ತುಂಬ ಮಣ್ಣಿನ ಹಕ್ಕಿಗಳು. ಹೊಟ್ಟೆಗೆ ನೀರು ತುಂಬಿ ಬಾಲ ಊದಿದರೆ ಚಿಲಿಪಿಲಿ ಅನ್ನುವ ಪೀಪಿಗಳು. ಎಲ್ಲವೂ ಶಾಲೆಯ ಪ್ರೇಯರ್‌ಗೆ ನಿಂತ ಹಾಗೆ ನೆಟ್ಟಗೆ ನಿಂತಿದ್ದವು. ಒಂದು ಮಾತ್ರ ಕತ್ತು ವಾಲಿಸಿತ್ತು. ಊರಿನಲ್ಲಿ ಉಳಿದಿದ್ದ ತಮ್ಮ ಸುಳ್ಳು ಹೇಳುವಾಗ ಥೇಟ್ ಹೀಗೇ ವಾಲಿಸುತ್ತಿದ್ದ. ಅವನಿಗೆ ಕೊಂಡರೆ ಇದನ್ನೇ ಕೊಳ್ಳಬೇಕು.

ಅಜ್ಜಿಗೆ ಇವರ ಭಾಷೆ ಬಾರದು, ಇವರಿಗೆ ಅಜ್ಜಿಯ ಭಾಷೆ ಬಾರದು. ಪಿಟೀಲು ಹಕ್ಕಿಯನ್ನು ಎತ್ತಿ ಮೂಗು ಮುರಿದಳು. ವಾಲಿದ ಕತ್ತಿನ ಮೇಲೆ ಬೆರಳಾಡಿಸಿ ಲೊಚ್ ಲೊಚ್ ಎಂದಳು. ಅತ್ತೆ ಮೆಲ್ಲಗೆ "ಭೇಷ್" ಅಂದು ಕ್ಯಾಲ್ಕುಲೇಟರ್ ಮುಂದೆ ಹಿಡಿದಳು.

ಅಜ್ಜಿ ಅದರತ್ತ ನೋಡಲೇ ಇಲ್ಲ. ಕನ್ನಡಕ ಏರಿಸಿ, ಪಿಟೀಲಿನ ಕೈಯಿಂದ ಹಕ್ಕಿಯನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು ತಿರುಗಿಸಿದಳು. ಅವಳ ಮುಖ ಚಿಕ್ಕದಾಯಿತು. ಎದೆಯ ಮೇಲೆ ಕೈಯಿಟ್ಟು ಏನೋ ಅಂದಳು. ಆಮೇಲೆ ಮೇಜಿನ ಕೆಳಗಿನಿಂದ ಒಡೆದ ಮಣ್ಣಿನ ಚೂರುಗಳಿದ್ದ ಬುಟ್ಟಿ ಎಳೆದು, ಹಕ್ಕಿಯನ್ನು ಕಲ್ಲಿನ ಮೇಲಿಟ್ಟು, ಪುಟ್ಟ ಸುತ್ತಿಗೆ ಕೈಗೆತ್ತಿಕೊಂಡಳು.

ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿದ್ದ ಪಕ್ಕದ ಅಂಗಡಿಯವನು ವಿವರಿಸಿದ. ಊನ ಇರುವ ಸಾಮಾನನ್ನು ಅಜ್ಜಿ ಮಾರುವುದಿಲ್ಲವಂತೆ, ಒಡೆದುಹಾಕುತ್ತಾಳಂತೆ. ಕ್ಷಮಿಸಬೇಕಂತೆ, ಬೇರೆ ಹಕ್ಕಿ ಆರಿಸಿಕೊಳ್ಳಬೇಕಂತೆ.

ಪಿಟೀಲು ತಟ್ಟನೆ ಮುಂದಕ್ಕೆ ಬಾಗಿದಳು. ಎರಡೂ ಕೈಗಳಿಂದ ಹಕ್ಕಿಯನ್ನು ಮುಚ್ಚಿದಳು. ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಂತಿತು.

"ಬೇಡ ಅಜ್ಜಿ. ಚೆನ್ನಾಗೇ ಇದೆ. ನಾನು ಸುಮ್‌ಸುಮ್ನೆ ಹಾಗೆ ಮಾಡಿದ್ದು."

ಅಜ್ಜಿ ವಾಲಿದ ಕತ್ತನ್ನು ಬೆರಳಿಂದ ತೋರಿಸಿದಳು. ಪಿಟೀಲು ಹೌದೆಂದು ತಲೆಯಾಡಿಸಿ, ತನ್ನ ಕತ್ತನ್ನೂ ಹಾಗೇ ವಾಲಿಸಿದಳು. ಸೊಂಟದೆತ್ತರಕ್ಕೆ ಕೈ ಹಿಡಿದು, ಇಷ್ಟುದ್ದದವನು ಒಬ್ಬನಿದ್ದಾನೆ ಎಂದು ತೋರಿಸಿದಳು. ಮತ್ತೆ ಕತ್ತು ವಾಲಿಸಿದಳು. ಹಕ್ಕಿಯನ್ನು ಎದೆಗವಚಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು.

ಅಜ್ಜಿ ಅವಳನ್ನೇ ನೋಡಿದಳು. ನಿಧಾನವಾಗಿ ತಾನೂ ಕತ್ತು ವಾಲಿಸಿ, ಹಕ್ಕಿಯನ್ನೂ ಹುಡುಗಿಯನ್ನೂ ನೋಡಿ, ಬೊಚ್ಚುಬಾಯಿ ಬಿಟ್ಟು ನಕ್ಕಳು. ಸುತ್ತಿಗೆ ಕೆಳಗಿಟ್ಟು, ಹಕ್ಕಿಯನ್ನು ಒರೆಸಿ, ಪೇಪರಿನಲ್ಲಿ ಸುತ್ತಿಕೊಟ್ಟಳು. ಅಜ್ಜಿ ಕೇಳಿದಷ್ಟನ್ನು ಅತ್ತೆ ಚೌಕಾಸಿ ಮಾಡದೆ ಕೊಟ್ಟಳು.

"ನಿನ್ನ ಮುಖ ಒಂದು ಜಾಹೀರಾತು ಬೋರ್ಡು ಕಣೆ," ಎಂದಳು ಅತ್ತೆ, ಮುಂದೆ ನಡೆಯುತ್ತ. "ನಿನ್ನ ಕಟ್ಕೊಂಡು ಶಾಪಿಂಗ್ ಮಾಡಿದ್ರೆ ನಾನು ದಿವಾಳಿ." ಬೈದಳೇ ಹೊರತು, ಹಕ್ಕಿಯ ಪೊಟ್ಟಣವನ್ನು ಮಾತ್ರ ತನ್ನ ಬ್ಯಾಗಿನಲ್ಲಿ ಮೆತ್ತನೆಯ ಶಾಲಿನ ನಡುವೆ ಇಟ್ಟುಕೊಂಡಿದ್ದಳು.

ಬೀದಿಯ ಕೊನೆಯಲ್ಲಿ ಬಟ್ಟೆಚೀಲದ ಅಂಗಡಿ. ಒಂದು ನೀಲಿ ಚೀಲದ ಮೇಲೆ ಅತ್ತೆಯ ಕಣ್ಣು ಬಿತ್ತು.

"ಏನಾದ್ರೂ ಹುಳುಕು ಹೇಳು," ಎಂದು ಪಿಸುಗುಟ್ಟಿದಳು.

ತುಟಿಯ ನಡುವೆ ದಾರ ಕಚ್ಚಿಕೊಂಡು ಹೊಲಿಯುತ್ತಿದ್ದವನು ತಲೆಯೆತ್ತಿ ಇವರನ್ನೇ ನೋಡುತ್ತಿದ್ದ. ಪಿಟೀಲು ಚೀಲವನ್ನು ಒಳಹೊರಗು ಮಾಡಿದಳು. ಯಾರೂ ನೋಡದ ಒಳಭಾಗದಲ್ಲೂ ಹೊಲಿಗೆ ಇರುವೆ ಸಾಲಿನ ಹಾಗೆ ಸಣ್ಣಗೆ, ನೆಟ್ಟಗೆ ಹೋಗಿತ್ತು.

"ಹೊಲಿಗೆ ಚೆನ್ನಾಗಿದೆ ಅತ್ತೆ," ಎಂದಳು ಮೆಲ್ಲಗೆ.

ಆ ಮಾತು ಅವನಿಗೆ ತಿಳಿದಿರಲಾರದು. ಆದರೂ ಅವಳ ಮುಖ ನೋಡಿ, ತುಟಿಯ ದಾರ ತೆಗೆದು, ಕೂತ್ಕೋ ಎನ್ನುವಂತೆ ಸ್ಟೂಲನ್ನು ಅವಳತ್ತ ತಳ್ಳಿದ.